ಯಂತ್ರ ಬರೆದಿಡುವ ಕಿರ್ದಿ: ‘ಲಾಗ್’ ಹುಟ್ಟಿ ಬೆಳೆದ ಕಥೆ

‘ಸರ್ವರ್ ಇಲ್ರಿ, ನಾಳೆ ಬರ್ರಿ.’

ನಮ್ಮ ಭಾಗದ ಹಳ್ಳಿಗಳಲ್ಲಿ ಈ ಮಾತು ಕೇಳದವರು ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವಾಗ, ಉತಾರ ತೆಗೆಸುವಾಗ, ಬೆಳೆವಿಮೆಯ ಅರ್ಜಿ ತುಂಬಿಸುವಾಗ, ಪಿಂಚಣಿ ಕೇಳಲು ಹೋದಾಗ, ಎಲ್ಲ ಕಡೆಗೂ ಇದೇ ಉತ್ತರ. ಹತ್ತಿಮತ್ತೂರಿನಿಂದ ಸವಣೂರಿಗೆ ಬಸ್ ಹತ್ತಿ ಹೋದವರಿಗೆ ಈ ಒಂದು ಮಾತಿಗೆ ಒಂದು ದಿನದ ಕೂಲಿ ಹೋಗುತ್ತದೆ. ಸರ್ವರ್ ನಿಜವಾಗಿಯೂ ಇರಲಿಲ್ಲವೋ, ಇದ್ದರೂ ಇಲ್ಲ ಎಂದರೋ ಎಂದು ಕೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಆದರೆ ಒಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಕಂಪ್ಯೂಟರ್ ಎಂಬ ಯಂತ್ರ ತನ್ನ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತದೆ. ಯಾವಾಗ ಎದ್ದಿತು, ಯಾರು ಒಳಗೆ ಬಂದರು, ಯಾವ ಕೆಲಸ ನಡೆಯಿತು, ಯಾವುದು ಅರ್ಧಕ್ಕೆ ನಿಂತಿತು ಎಂದು ಗಂಟೆ, ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಸಾಲು ಸಾಲಾಗಿ ಬರೆದಿಡುತ್ತದೆ. ಇದಕ್ಕೆ ‘ಲಾಗ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಯಂತ್ರದ ಕಿರ್ದಿ ಪುಸ್ತಕ. ಕಿರಾಣಿ ಅಂಗಡಿಯವರು ಬೆಳಗಿನಿಂದ ಸಂಜೆಯವರೆಗೆ ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುವ ಹಾಗೆ.

ಈ ಕಿರ್ದಿ ಎಲ್ಲಿಂದ ಬಂತು, ಯಾರು ಬರೆಯಲು ಶುರು ಮಾಡಿದರು, ಅದನ್ನು ಓದುವ ಹಕ್ಕು ಯಾರಿಗಿದೆ ಎಂಬುದರ ಕಥೆಯನ್ನು ಈ ಸಲ ಹೇಳುತ್ತೇವೆ.

ಕಲ್ಲಿನಿಂದ ದಫ್ತರಕ್ಕೆ

ನಡೆದದ್ದನ್ನು ಬರೆದಿಡುವುದು ನಮ್ಮೂರಿಗೆ ಹೊಸದಲ್ಲ. ಹತ್ತಿಮತ್ತೂರಿನಲ್ಲಿ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ, ಅಂದರೆ ಎಂಟನೇ ಶತಮಾನದ ಶಾಸನ ಸಿಕ್ಕಿದೆ. ಮುಂಬೈ ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅದನ್ನು ಓದಿ ಪ್ರಕಟಿಸಿದರು. ಸಾವಿರದ ಇನ್ನೂರು ವರ್ಷದ ಹಿಂದೆಯೇ ಈ ಊರಿನಲ್ಲಿ ‘ಇಂಥವರ ಆಳ್ವಿಕೆಯಲ್ಲಿ ಇಂಥದು ನಡೆಯಿತು’ ಎಂದು ಕಲ್ಲಿನಲ್ಲಿ ಕೊರೆದಿಟ್ಟವರು ಇದ್ದರು.

ಶಾಸನ ಬರೆದವರಿಗೆ ಒಂದು ಜಾಣತನ ಗೊತ್ತಿತ್ತು. ಬಹಳಷ್ಟು ಶಾಸನಗಳಲ್ಲಿ ಸಂವತ್ಸರದ ಹೆಸರಿನ ಜೊತೆಗೆ ಶಕವರ್ಷದ ಸಂಖ್ಯೆಯನ್ನೂ ಕೊಡುತ್ತಿದ್ದರು. ಏಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ‘ವಿಕ್ರಮ ಸಂವತ್ಸರ’ ಎಂದಷ್ಟೇ ಬರೆದರೆ ಅಜ್ಜನ ಕಾಲದ್ದೋ ಮೊಮ್ಮಗನ ಕಾಲದ್ದೋ ತಿಳಿಯುವುದಿಲ್ಲ. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಇದು ಬೇಕಾಗುತ್ತದೆ.

ಕಲ್ಲಿನ ನಂತರ ಕಾಗದ ಬಂತು. ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ, ನಡುವೆ ಸವಣೂರು ನವಾಬರ ಸಂಸ್ಥಾನ. ಮೈಸೂರು ಕಡೆ ಶಾನುಭೋಗರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕುಲಕರ್ಣಿಯವರು ಮಾಡುತ್ತಿದ್ದರು. ಯಾರ ಹೊಲ ಎಷ್ಟು, ಯಾರು ಎಷ್ಟು ಕಂದಾಯ ಕಟ್ಟಿದರು, ಯಾರ ಹೆಸರು ಹೋಗಿ ಯಾರ ಹೆಸರು ಬಂತು ಎಂಬುದೆಲ್ಲ ಅವರ ದಫ್ತರದಲ್ಲಿ ಇರುತ್ತಿತ್ತು. ದಫ್ತರವೆಂದರೆ ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟು. ಗಂಟು ಬಿಚ್ಚುವವರು ಅವರೇ, ಕಟ್ಟುವವರೂ ಅವರೇ.

ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಬರಹ ಬಹಳ. ಕೈ ಎತ್ತದೆ ಸರಸರ ಬರೆಯುವ ಆ ಲಿಪಿಯನ್ನು ಕಲಿತವರಷ್ಟೇ ಓದಬಲ್ಲರು. ಹೊಲ ರೈತನದು, ಹೊಲದ ದಾಖಲೆಯೂ ರೈತನದೇ, ಆದರೆ ಅದರಲ್ಲಿ ಏನು ಬರೆದಿದೆ ಎಂದು ತಿಳಿಯಲು ಇನ್ನೊಬ್ಬರ ಬಾಯಿ ನೋಡಬೇಕಿತ್ತು. ಇವತ್ತಿಗೂ ಹಳೆಯ ವಾಟ್ನಿ ಪತ್ರ ಹಿಡಿದುಕೊಂಡು ಮೋಡಿ ಓದುವವರನ್ನು ಹುಡುಕಿಕೊಂಡು ತಿರುಗುವ ಮನೆತನಗಳು ನಮ್ಮ ಜಿಲ್ಲೆಯಲ್ಲಿವೆ.

1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದು ಮಾಡಿತು, ಅದು ಜಾರಿಗೆ ಬಂದದ್ದು 1963ರಲ್ಲಿ. ಕುಲಕರ್ಣಿ ಹೋಗಿ ಸರ್ಕಾರದ ಸಂಬಳದ ಗ್ರಾಮ ಲೆಕ್ಕಿಗರು ಬಂದರು, ಜನರ ಬಾಯಲ್ಲಿ ಅವರು ತಲಾಟಿಯಾಗಿ ಉಳಿದರು. ಬರೆಯುವ ಕೈ ಬದಲಾಯಿತು. ಪುಸ್ತಕ ಮಾತ್ರ ಒಬ್ಬರ ಕೈಯಲ್ಲೇ ಇತ್ತು.

ಹಡಗಿನ ಕಟ್ಟಿಗೆ ತುಂಡು

‘ಲಾಗ್’ ಎಂಬ ಮಾತು ಬಂದದ್ದು ಸಮುದ್ರದಿಂದ. ಇಂಗ್ಲಿಷಿನಲ್ಲಿ ಲಾಗ್ ಎಂದರೆ ಕಟ್ಟಿಗೆಯ ದಿಮ್ಮಿ. ಹಿಂದಿನ ನಾವಿಕರಿಗೆ ಹಡಗು ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂದು ತಿಳಿಯಲು ಮೀಟರ್ ಇರಲಿಲ್ಲ. ಹಗ್ಗಕ್ಕೆ ಒಂದು ಕಟ್ಟಿಗೆ ತುಂಡು ಕಟ್ಟಿ ಹಿಂದೆ ನೀರಿಗೆ ಬಿಡುತ್ತಿದ್ದರು. ಹಗ್ಗದಲ್ಲಿ ಸಮ ಅಂತರಕ್ಕೆ ಗಂಟು ಹಾಕಿರುತ್ತಿದ್ದರು. ಮರಳು ಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟು ಕೈಯಿಂದ ಜಾರಿದವು ಎಂದು ಎಣಿಸಿದರೆ ವೇಗ ಸಿಗುತ್ತಿತ್ತು. ಹಡಗಿನ ವೇಗವನ್ನು ಇಂದಿಗೂ ‘ನಾಟ್’, ಅಂದರೆ ಗಂಟು, ಎಂಬ ಅಳತೆಯಲ್ಲೇ ಹೇಳುವುದು ಇದಕ್ಕೇ.

ಆ ಲೆಕ್ಕ ಬರೆಯುವ ಪುಸ್ತಕವೇ ಲಾಗ್‌ಬುಕ್. ಬರಬರುತ್ತ ಅದರಲ್ಲಿ ಗಾಳಿ, ಮಳೆ, ದಿಕ್ಕು, ಕಾಯಿಲೆ, ಸಾವು ಎಲ್ಲವೂ ಸೇರಿದವು. ಹಡಗು ಮುಳುಗಿ ಪುಸ್ತಕ ಉಳಿದರೆ ಏನಾಯಿತು ಎಂದು ಹೇಳಲು ಅದೇ ಸಾಕ್ಷಿ. ಸರ್ಕಾರಿ ಜೀಪಿನಲ್ಲಿ ಇಡುವ ಲಾಗ್‌ಬುಕ್, ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಗಂಟೆ ಗಂಟೆಗೆ ಬರೆಯುವ ಲಾಗ್ ಹಾಳೆ ಎಲ್ಲ ಆ ಪುಸ್ತಕದ ಮಕ್ಕಳು.

ಕಂಪ್ಯೂಟರ್ ಬಂದ ಕಾಲಕ್ಕೂ ಮೊದಲು ಲಾಗ್ ಬರೆದದ್ದು ಮನುಷ್ಯರೇ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 2’ ಎಂಬ ದೊಡ್ಡ ಲೆಕ್ಕದ ಯಂತ್ರ ತಪ್ಪು ಮಾಡತೊಡಗಿತು. ಹುಡುಕಿದಾಗ 70ನೇ ರಿಲೇಯಲ್ಲಿ ಒಂದು ಪತಂಗ ಸಿಕ್ಕಿಬಿದ್ದಿತ್ತು. ಕೆಲಸಗಾರರು ಆ ಪತಂಗವನ್ನು ತೆಗೆದು ಲಾಗ್‌ಬುಕ್ಕಿನ ಹಾಳೆಗೆ ಟೇಪಿನಿಂದ ಅಂಟಿಸಿ, ಹುಳು ನಿಜವಾಗಿಯೂ ಸಿಕ್ಕಿದ್ದು ಇದೇ ಮೊದಲು ಎಂಬ ಅರ್ಥದಲ್ಲಿ ಒಂದು ಸಾಲು ಬರೆದರು. ಯಂತ್ರದ ದೋಷಕ್ಕೆ ‘ಬಗ್’, ಅಂದರೆ ಹುಳು, ಎನ್ನುವ ರೂಢಿ ಅದಕ್ಕೂ ಮೊದಲೇ ಇತ್ತು, ತಮಾಷೆ ಇರುವುದು ಅಲ್ಲೇ. ಪತಂಗ ಅಂಟಿರುವ ಆ ಹಾಳೆ ಈಗ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಎಂಟು ಮೆಟ್ಟಿಲಿನ ಲೆಕ್ಕ

ಯಂತ್ರ ತಾನೇ ಬರೆಯುವ ಪದ್ಧತಿಗೆ ಒಂದು ಶಿಸ್ತು ಬಂದದ್ದು 1980ರ ದಶಕದ ಆರಂಭದಲ್ಲಿ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಎಂಬುವರು ‘ಸೆಂಡ್‌ಮೇಲ್’ ಎಂಬ ಅಂಚೆ ತಂತ್ರಾಂಶ ಬರೆಯುತ್ತಿದ್ದರು. ಪತ್ರ ಎಲ್ಲಿ ತಲುಪಿತು, ಎಲ್ಲಿ ಸಿಕ್ಕಿಕೊಂಡಿತು ಎಂದು ಬರೆದಿಡಲು ಅವರು ‘ಸಿಸ್‌ಲಾಗ್’ ಎಂಬ ಸಣ್ಣ ವ್ಯವಸ್ಥೆ ಮಾಡಿಕೊಂಡರು. ಅದು ಎಷ್ಟು ಅನುಕೂಲವಾಯಿತೆಂದರೆ ಉಳಿದ ತಂತ್ರಾಂಶಗಳವರೂ ಅದನ್ನೇ ಬಳಸತೊಡಗಿದರು.

ಸಿಸ್‌ಲಾಗ್ ಪ್ರತಿ ಸಾಲಿಗೂ ಒಂದು ತೂಕ ಕೊಟ್ಟಿತು. 0ಯಿಂದ 7ರವರೆಗೆ ಎಂಟು ಮೆಟ್ಟಿಲು. ಅಂಕಿ ಸಣ್ಣದಾದಷ್ಟೂ ಸಂಕಟ ದೊಡ್ಡದು. ಮನೆಯ ಮಾತಿನಲ್ಲಿ ಹೇಳಿದರೆ ಹೀಗೆ:

0, ಎಮರ್ಜೆನ್ಸಿ: ಮನೆಯೇ ಬಿತ್ತು.
1, ಅಲರ್ಟ್: ಗೋಡೆ ವಾಲಿದೆ, ಈಗಲೇ ಬನ್ನಿ.
2, ಕ್ರಿಟಿಕಲ್: ತೊಲೆ ಮುರಿದಿದೆ.
3, ಎರರ್: ಒಂದು ಕೆಲಸ ಆಗಲಿಲ್ಲ.
4, ವಾರ್ನಿಂಗ್: ಗೆದ್ದಲು ಹಿಡಿಯುತ್ತಿದೆ, ನೋಡಿಕೊಳ್ಳಿ.
5, ನೋಟಿಸ್: ಗಮನಿಸುವಂಥದ್ದು, ಗಾಬರಿ ಬೇಡ.
6, ಇನ್ಫೋ: ಹಾಲಿನವರು ಬಂದರು, ಹೋದರು.
7, ಡೀಬಗ್: ಬಾಗಿಲು ಎಷ್ಟು ಸಲ ಕಿರ್ ಎಂದಿತು ಎಂಬ ಲೆಕ್ಕವೂ ಬೇಕು ಎನ್ನುವವರಿಗೆ.

0 ತೂಕದ ಸುದ್ದಿ ಬಂದರೆ ಆ ಯಂತ್ರದಲ್ಲಿ ಕೆಲಸ ಮಾಡುತ್ತಿರುವ ಎಲ್ಲರ ತೆರೆಯ ಮೇಲೂ ಅದು ಬೀಳುವಂತೆ ವ್ಯವಸ್ಥೆ ಮಾಡಿರುತ್ತಿದ್ದರು, ಊರಿಗೆಲ್ಲ ಡಂಗುರ ಸಾರಿದ ಹಾಗೆ. ಉಳಿದವು ತಮ್ಮ ತಮ್ಮ ಪುಸ್ತಕಕ್ಕೆ ಹೋಗುತ್ತಿದ್ದವು.

ಸಿಸ್‌ಲಾಗ್‌ನಲ್ಲಿ ಒಂದು ಕೊರತೆಯಿತ್ತು. ಇಪ್ಪತ್ತು ವರ್ಷದಷ್ಟು ಕಾಲ ಅದಕ್ಕೆ ಬರಹದ ನಿಯಮವೇ ಇರಲಿಲ್ಲ, ರೂಢಿಯಿಂದ ನಡೆಯುತ್ತಿತ್ತು. 2001ರಲ್ಲಿ ಮೊದಲ ಸಲ ಆ ರೂಢಿಯನ್ನು ದಾಖಲೆ ಮಾಡಿದರು. ಆ ರೂಢಿಯ ಪ್ರಕಾರ ಸಾಲಿನ ಆರಂಭದಲ್ಲಿ ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡ್ ಇರುತ್ತಿತ್ತು. ವರ್ಷವೇ ಇರುತ್ತಿರಲಿಲ್ಲ! ಜನವರಿಯಲ್ಲಿ ಕುಳಿತು ಡಿಸೆಂಬರ್‌ನ ಸಾಲು ಓದುವವರು ಅದು ಯಾವ ಡಿಸೆಂಬರ್ ಎಂದು ಊಹಿಸಬೇಕಿತ್ತು. ಸಂವತ್ಸರದ ಜೊತೆ ಶಕವರ್ಷ ಬರೆದ ನಮ್ಮ ಶಾಸನಕಾರರಿಗೆ ಗೊತ್ತಿದ್ದ ಪಾಠ ಇವರಿಗೆ ತಡವಾಗಿ ತಿಳಿಯಿತು. 2009ರ ಹೊಸ ನಿಯಮದಲ್ಲಿ ವರ್ಷವೂ ಬಂತು, ಯಾವ ದೇಶದ ಗಡಿಯಾರ ಎಂಬ ಗುರುತೂ ಬಂತು.

75 ಸೆಂಟ್‌ನ ವ್ಯತ್ಯಾಸ

ಲಾಗ್ ಎಂಬುದು ಸಾಕ್ಷಿಯಾಗಬಲ್ಲದು ಎಂದು ಜಗತ್ತಿಗೆ ತೋರಿಸಿದ ಪ್ರಸಂಗ 1986ರದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಸಿದವರಿಂದ ಬಳಸಿದಷ್ಟು ಹೊತ್ತಿಗೆ ದುಡ್ಡು ಹಿಡಿಯುತ್ತಿದ್ದರು. ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಬಂತು. ಒಂದು ಡಾಲರಿಗೂ ಕಡಿಮೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಬಿಡಲಿಲ್ಲ.

ಯಾರೋ ದುಡ್ಡು ಕೊಡದೆ 9 ಸೆಕೆಂಡ್ ಯಂತ್ರ ಬಳಸಿದ್ದಾರೆ ಎಂದು ತಿಳಿಯಿತು. ಸ್ಟೋಲ್ ಹೊರಗಿನಿಂದ ಬರುವ ಫೋನ್ ಲೈನುಗಳಿಗೆ ಪ್ರಿಂಟರ್‌ಗಳನ್ನು ಜೋಡಿಸಿದರು. ಕಳ್ಳ ಒಂದೊಂದು ಅಕ್ಷರ ಒತ್ತಿದಾಗಲೂ ಅದು ಕಾಗದದ ಮೇಲೆ ಮೂಡುತ್ತಿತ್ತು. ಯಂತ್ರದೊಳಗಿನ ಬರಹವನ್ನು ಒಳಗೆ ನುಗ್ಗಿದವರು ಅಳಿಸಬಹುದು, ಪಕ್ಕದ ಕೋಣೆಯ ಕಾಗದವನ್ನು ಅಳಿಸಲು ಅವರಿಗೆ ಆಗುವುದಿಲ್ಲ. ತಿಂಗಳುಗಟ್ಟಲೆ ಕಾಯ್ದ ಮೇಲೆ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್‌ಗೆ ಹೋಯಿತು. ಮಾರ್ಕುಸ್ ಹೆಸ್ ಎಂಬಾತ ಅಮೆರಿಕದ ಸೇನೆಗೆ ಸೇರಿದ ಕಂಪ್ಯೂಟರ್‌ಗಳನ್ನು ಜಾಲಾಡುತ್ತಿದ್ದ, ಸಿಕ್ಕಿದ್ದು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಹೋಗುತ್ತಿತ್ತು. 1990ರಲ್ಲಿ ಹೆಸ್ ಮತ್ತು ಅವನ ಜೊತೆಗಾರರಿಗೆ ಶಿಕ್ಷೆಯಾಯಿತು.

ಈ ಪ್ರಸಂಗದಿಂದ ತಿಳಿದುಬರುವುದು ಎರಡು. ಸಣ್ಣ ವ್ಯತ್ಯಾಸವನ್ನು ಸಣ್ಣದು ಎಂದು ಬಿಡಬಾರದು. ಮತ್ತೆ, ಬರೆದ ಪುಸ್ತಕವನ್ನು ಅದರ ಬಗ್ಗೆ ದೂರು ಇರುವವರ ಕೈಯಲ್ಲೇ ಇಡಬಾರದು.

ಲಿನಕ್ಸ್ ಎಂಬ ತೆರೆದ ದಫ್ತರ

1991ರ ಆಗಸ್ಟ್ 25ರಂದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಕಾರ್ಯವ್ಯವಸ್ಥೆ ಬರೆಯುತ್ತಿರುವುದಾಗಿ ತಿಳಿಸಿದ. ಅದೇ ಲಿನಕ್ಸ್. ಅದರ ಒಳಗನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್ ಆಗಿದೆ. ಅದರೊಳಗೂ ಒಂದು ಲಾಗ್ ಈ ಹೊತ್ತಿನಲ್ಲಿ ಓಡುತ್ತಲೇ ಇದೆ.

ಲಿನಕ್ಸ್ ಯಂತ್ರದಲ್ಲಿ ‘ವಾರ್’ ಎಂಬ ಫೋಲ್ಡರ್, ಅದರೊಳಗೆ ‘ಲಾಗ್’ ಎಂಬ ಫೋಲ್ಡರ್ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಎಲ್ಲ ಕಿರ್ದಿಗಳೂ ಅಲ್ಲೇ. ರೆಡ್‌ಹ್ಯಾಟ್ ಕಡೆಯವರು ಮುಖ್ಯ ಪುಸ್ತಕಕ್ಕೆ ‘ಮೆಸೇಜಸ್’ ಎಂದು ಹೆಸರಿಟ್ಟರು, ಡೆಬಿಯನ್ ಮತ್ತು ಉಬುಂಟು ಕಡೆಯವರು ‘ಸಿಸ್‌ಲಾಗ್’ ಎಂದರು. ಒಳಗೆ ಬಂದವರ, ತಪ್ಪು ಪಾಸ್‌ವರ್ಡ್ ಕೊಟ್ಟವರ ಲೆಕ್ಕಕ್ಕೆ ಬೇರೆ ಪುಸ್ತಕ. ಹೆಚ್ಚಿನವು ಸಾದಾ ಅಕ್ಷರಗಳಲ್ಲಿ. ಓದಲು ಯಾವ ವಿಶೇಷ ಸಾಧನವೂ ಬೇಡ.

ಪುಸ್ತಕ ತುಂಬಿದರೆ? ಅದಕ್ಕೆ ‘ಲಾಗ್‌ರೊಟೇಟ್’ ಎಂಬ ಕೆಲಸಗಾರ ಇದ್ದಾನೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಹಳೆಯ ಪುಸ್ತಕ ಮುಚ್ಚಿ, ಒತ್ತಿ ಕಟ್ಟಿ ಅಟ್ಟಕ್ಕೆ ಹಾಕಿ, ಹೊಸದನ್ನು ತೆರೆಯುತ್ತಾನೆ. ನಾಲ್ಕು ವಾರ ದಾಟಿದ್ದನ್ನು ಎಸೆಯುತ್ತಾನೆ. ಕಂದಾಯ ಇಲಾಖೆಯ ದಫ್ತರ ಕೋಣೆಯಲ್ಲೂ ಇದು ಶಾಶ್ವತ, ಇದು ಇಷ್ಟು ವರ್ಷಕ್ಕೆ ಎಂದು ವರ್ಗ ಮಾಡಿ ಇಡುವ ಪದ್ಧತಿ ಇದೆಯಲ್ಲ, ಹಾಗೆ. ಎಷ್ಟು ದಿನ ಇಡಬೇಕು ಎಂದು ತೀರ್ಮಾನಿಸುವವರೇ ಮುಂದೆ ಯಾವ ಪ್ರಶ್ನೆಗೆ ಉತ್ತರ ಸಿಗಬೇಕು ಎಂದೂ ತೀರ್ಮಾನಿಸಿದಂತೆ.

ಮತ್ತೆ ಮೋಡಿ ಲಿಪಿ

2010ರಲ್ಲಿ ಜರ್ಮನಿಯ ಲೆನಾರ್ಟ್ ಪೊಟ್ಟರಿಂಗ್ ಮತ್ತು ಕೇ ಸೀವರ್ಸ್ ‘ಸಿಸ್ಟಮ್‌ಡಿ’ ಎಂಬ ಹೊಸ ವ್ಯವಸ್ಥೆ ತಂದರು. 2011ರ ನವೆಂಬರ್‌ನಲ್ಲಿ ಅದರ ಭಾಗವಾಗಿ ‘ಜರ್ನಲ್’ ಎಂಬ ಹೊಸ ಕಿರ್ದಿಯನ್ನು ಘೋಷಿಸಿದರು. ಅದು ಚುರುಕಾಗಿತ್ತು. ಯಾವ ತಂತ್ರಾಂಶ, ಯಾವ ಬಳಕೆದಾರ, ಯಾವ ಸಲದ ಬೂಟ್ ಎಂದು ವಿಂಗಡಿಸಿ ಕ್ಷಣದಲ್ಲಿ ಹುಡುಕಿಕೊಡುತ್ತಿತ್ತು. ಆದರೆ ಬರೆಯುತ್ತಿದ್ದದ್ದು ಸಾದಾ ಅಕ್ಷರದಲ್ಲಲ್ಲ, ಯಂತ್ರದ ಗುಟ್ಟಿನ ರೂಪದಲ್ಲಿ. ಅದನ್ನು ಓದಲು ಅದರದ್ದೇ ಸಾಧನ ಬೇಕು.

ದೊಡ್ಡ ಜಗಳವೇ ನಡೆಯಿತು. ‘ಯಂತ್ರ ಕೆಟ್ಟು ನಿಂತಾಗಲೇ ಲಾಗ್ ಬೇಕಾಗುವುದು, ಆಗ ಓದುವ ಸಾಧನವೂ ಕೆಟ್ಟಿದ್ದರೆ ಏನು ಮಾಡುವುದು’ ಎಂಬುದು ಹಳಬರ ಪ್ರಶ್ನೆ. ‘ಸಾದಾ ಅಕ್ಷರದ ಪುಸ್ತಕವನ್ನು ಒಳಗೆ ನುಗ್ಗಿದವರು ಸುಲಭವಾಗಿ ತಿದ್ದುತ್ತಾರಲ್ಲ’ ಎಂಬುದು ಹೊಸಬರ ಉತ್ತರ. ನಮಗೆ ಇದು ಮೋಡಿ ದಫ್ತರದ ಜಗಳವೇ ಎನಿಸುತ್ತದೆ. ಸರಸರ ಬರೆಯುವ ಅನುಕೂಲ ಒಂದು ಕಡೆ, ಎಲ್ಲರೂ ಓದುವ ಅನುಕೂಲ ಇನ್ನೊಂದು ಕಡೆ.

2012ರಲ್ಲಿ ಜರ್ನಲ್‌ಗೆ ಮುದ್ರೆ ಒತ್ತುವ ವ್ಯವಸ್ಥೆ ಬಂತು. ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ಅಲ್ಲಿಯವರೆಗಿನ ಬರಹಕ್ಕೆ ಅದು ಮುದ್ರೆ ಹಾಕುತ್ತದೆ. ಹಳೆಯ ಸಾಲನ್ನು ಆಮೇಲೆ ಯಾರಾದರೂ ತಿದ್ದಿದರೆ, ಬೇರೆಡೆ ಇಟ್ಟಿರುವ ಕೀಲಿಯಿಂದ ಪರೀಕ್ಷಿಸಿದಾಗ ಮುದ್ರೆ ಒಡೆದದ್ದು ಗೊತ್ತಾಗುತ್ತದೆ. ಬೇಕು ಎಂದು ಹೇಳಿ ಹಾಕಿಸಿಕೊಂಡರೆ ಮಾತ್ರ ಈ ಮುದ್ರೆ ಇರುತ್ತದೆ. ಜಗಳ ಮುಗಿಯದಿದ್ದರೂ ಜರ್ನಲ್ ಗೆದ್ದಿತು. 2015ರ ಏಪ್ರಿಲ್‌ನಲ್ಲಿ ಡೆಬಿಯನ್ ಮತ್ತು ಉಬುಂಟು ಎರಡೂ ಸಿಸ್ಟಮ್‌ಡಿಗೆ ಬಂದವು.

ಮನೆಯ ಡೆಸ್ಕ್‌ಟಾಪಿನಲ್ಲಿ ನೋಡುವುದು ಹೇಗೆ

ಉಬುಂಟು ಇರುವ ಡೆಸ್ಕ್‌ಟಾಪಿನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ ‘ಲಾಗ್ಸ್’ ಎಂದು ಹುಡುಕಿ. ಇಲ್ಲದಿದ್ದರೆ ಉಚಿತವಾಗಿ ಹಾಕಿಕೊಳ್ಳಬಹುದು. ತೆರೆದರೆ ಎಡಗಡೆ ಇಂಪಾರ್ಟೆಂಟ್, ಆಲ್, ಅಪ್ಲಿಕೇಶನ್ಸ್, ಸಿಸ್ಟಮ್, ಸೆಕ್ಯುರಿಟಿ, ಹಾರ್ಡ್‌ವೇರ್ ಎಂಬ ವಿಂಗಡಣೆ ಕಾಣುತ್ತದೆ. ‘ಇಂಪಾರ್ಟೆಂಟ್’ ಎಂದರೆ ನಾವು ಮೇಲೆ ಹೇಳಿದ ಮೆಟ್ಟಿಲುಗಳಲ್ಲಿ 0ಯಿಂದ 3ರವರೆಗಿನವು. ಮೊದಲು ಅದನ್ನು ನೋಡಿದರೆ ಸಾಕು. ಕೆಡಿಇ ಬಳಸುವವರಿಗೆ ‘ಕೆ ಸಿಸ್ಟಮ್‌ಲಾಗ್’ ಇದೆ. ಟರ್ಮಿನಲ್ ಬಳಸಲು ಬಲ್ಲವರು ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆ ಕೊಟ್ಟರೆ ಇಡೀ ಪುಸ್ತಕ ತೆರೆಯುತ್ತದೆ. ಇಡೀ ಯಂತ್ರದ ಲಾಗ್ ಓದಲು ಆಡಳಿತದ ಅನುಮತಿ ಇರುವ ಖಾತೆ ಬೇಕು.

ಹಳ್ಳಿಯಲ್ಲಿ ಇದರಿಂದ ಏನು ಲಾಭ? ಕರೆಂಟ್ ಹೋಗಿ ಕಂಪ್ಯೂಟರ್ ಸತ್ತದ್ದಕ್ಕೂ ಕಂಪ್ಯೂಟರೇ ಕೆಟ್ಟು ನಿಂತದ್ದಕ್ಕೂ ಲಾಗ್‌ನಲ್ಲಿ ಸಾಮಾನ್ಯವಾಗಿ ವ್ಯತ್ಯಾಸ ಕಾಣುತ್ತದೆ. ಸರಿಯಾಗಿ ಮುಚ್ಚಿದ ದಿನ ಕೊನೆಯಲ್ಲಿ ‘ಇದನ್ನು ನಿಲ್ಲಿಸಿದೆ, ಅದನ್ನು ನಿಲ್ಲಿಸಿದೆ’ ಎಂಬ ಸಾಲುಗಳು ಇರುತ್ತವೆ. ಕರೆಂಟ್ ಹೋದ ದಿನ ಬರಹ ಮಧ್ಯದಲ್ಲೇ ತುಂಡಾಗಿರುತ್ತದೆ. ಮುಂದಿನ ಸಲ ಎದ್ದಾಗ ಡಿಸ್ಕಿನ ಗೊಂದಲ ಸರಿಪಡಿಸಿದೆ ಎಂಬ ಸಾಲು ಬರುತ್ತದೆ. ಡಿಸ್ಕ್ ಸಾಯುವ ಹಾದಿಯಲ್ಲಿದ್ದರೆ ‘ಐ-ಓ ಎರರ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ಕಂಡ ದಿನವೇ ಮಕ್ಕಳ ಫೋಟೊ, ಕಾಗದಪತ್ರ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ರಿಪೇರಿಗೆ ಒಯ್ದಾಗ ‘ಏನೋ ಆಗಿದೆ’ ಎನ್ನುವ ಬದಲು ‘ಈ ಸಾಲು ಬರುತ್ತಿದೆ’ ಎಂದು ತೋರಿಸಿದರೆ ಬೇಡದ ಭಾಗ ಬದಲಿಸುವ ಖರ್ಚು ಉಳಿಯುತ್ತದೆ.

ಒಂದು ಎಚ್ಚರ. ಕೆಲವು ಯಂತ್ರಗಳಲ್ಲಿ ಜರ್ನಲ್ ನೆನಪಿನಲ್ಲಿ ಮಾತ್ರ ಉಳಿಯುವಂತೆ ಇಟ್ಟಿರುತ್ತಾರೆ, ಪಾಟಿಯ ಮೇಲೆ ಬರೆದ ಹಾಗೆ. ಆರಿಸಿದರೆ ಅಳಿಸಿಹೋಗುತ್ತದೆ. ಡಿಸ್ಕಿನಲ್ಲಿ ಉಳಿಯುವಂತೆ ಇಟ್ಟರೂ ಜಾಗದ ಮಿತಿ ಇದೆ. ಸಾಮಾನ್ಯವಾಗಿ ಡಿಸ್ಕಿನ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ 4 ಜಿಬಿ. ಅದು ತುಂಬಿದರೆ ಹಳೆಯದು ಹೋಗುತ್ತದೆ.

ಕನ್ನಡದ ನೆಲದಲ್ಲಿ

ಲಿನಕ್ಸ್ ನಮ್ಮಲ್ಲಿಗೆ ಹೊಸದೇನಲ್ಲ. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಗಾತ್ರದ ಕಂಪ್ಯೂಟರ್ ತೋರಿಸಿದರು. ಹಳ್ಳಿಯ ಜನರಿಗೆಂದೇ ಮಾಡಿದ ಅದು ಓಡುತ್ತಿದ್ದದ್ದು ಲಿನಕ್ಸ್ ಮೇಲೆ. ಕನ್ನಡದಲ್ಲಿ ಓದಿ ಹೇಳಿಸುವ ಪ್ರಯತ್ನವೂ ಅದರ ಜೊತೆಗಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂತು, ಅಂದುಕೊಂಡಷ್ಟು ಹರಡಲಿಲ್ಲ. ಇತ್ತ ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರ್ಕಾರದ ‘ಐಟಿ ಅಟ್ ಸ್ಕೂಲ್’ ಯೋಜನೆಯಿಂದಾಗಿ ಲಿನಕ್ಸ್ ಡೆಸ್ಕ್‌ಟಾಪ್ ಮೇಲೆಯೇ ಕಂಪ್ಯೂಟರ್ ಕಲಿತರು, ಇಂದಿಗೂ ಕಲಿಯುತ್ತಿದ್ದಾರೆ. ಆ ಪಾಠದ ಪುಸ್ತಕ ಅವರಿಗೆ ಕನ್ನಡದಲ್ಲೇ ಸಿಗುತ್ತದೆ.

ಆದರೆ ‘ಯಾರು, ಯಾವಾಗ ಬರೆದರು’ ಎಂಬ ಪ್ರಶ್ನೆ ಕರ್ನಾಟಕದ ಪ್ರತಿ ಹೊಲಕ್ಕೂ ಮುಟ್ಟಿದ್ದು ‘ಭೂಮಿ’ ಯೋಜನೆಯಿಂದ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು 2002ರ ಹೊತ್ತಿಗೆ ಕಂಪ್ಯೂಟರಿಗೆ ಹಾಕಿದರು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಉತಾರ ಸಿಗತೊಡಗಿತು. ಕೈಬರಹದ ಉತಾರಕ್ಕೆ ಬೆಲೆ ಇಲ್ಲವಾಯಿತು. ಭೂಮಿ ಆಗ ಓಡುತ್ತಿದ್ದದ್ದು ಲಿನಕ್ಸ್ ಮೇಲಲ್ಲ, ವಿಂಡೋಸ್ ಮೇಲೆ. ಆದರೂ ಲಾಗ್‌ನ ತತ್ವ ಅದರಲ್ಲಿ ಸ್ಪಷ್ಟವಾಗಿತ್ತು. ಖಾತೆ ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ನಾಳೆ ‘ನಾನು ಮಾಡಿಲ್ಲ’ ಎನ್ನುವ ಹಾಗಿಲ್ಲ. ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು.

ಇದರಿಂದ ಎಲ್ಲ ತೊಂದರೆಯೂ ತೀರಿತೆಂದು ಯಾವ ರೈತರೂ ಹೇಳಲಾರರು. ತಪ್ಪಾಗಿ ಹೊಡೆದ ಹೆಸರು ತಿದ್ದಿಸಲು ವರ್ಷಗಟ್ಟಲೆ ಅಲೆದವರು ಊರೂರಿಗೂ ಇದ್ದಾರೆ. ಲಾಗ್ ತಪ್ಪು ಆಗದಂತೆ ತಡೆಯುವುದಿಲ್ಲ. ಯಾರ ಬೆರಳಿನಿಂದ ಆಯಿತು ಎಂದು ಹೇಳುತ್ತದೆ. ಕುಲಕರ್ಣಿಯವರ ಗಂಟಿನಲ್ಲಿ ಅದೂ ಸಿಗುತ್ತಿರಲಿಲ್ಲ.

ಓದುವ ಹಕ್ಕು

ಈಗ ಕಾನೂನಿನ ಮಾತು. ಕಂಪ್ಯೂಟರ್ ದಾಖಲೆಗೆ ನ್ಯಾಯಾಲಯದಲ್ಲಿ ಬೆಲೆ ಬಂದದ್ದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಕೊಡಬಹುದು. ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ‘ಸರ್ಟ್-ಇನ್’ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಲ್ಲಿ ಕಂಪನಿಗಳು ಮತ್ತು ಸರ್ಕಾರಿ ಸಂಸ್ಥೆಗಳು ತಮ್ಮ ಲಾಗ್‌ಗಳನ್ನು 180 ದಿನ ಕಾಪಾಡಬೇಕು, ತಮ್ಮ ಗಡಿಯಾರಗಳನ್ನು ದೇಶದ ಅಧಿಕೃತ ಸಮಯಕ್ಕೆ ಹೊಂದಿಸಿಕೊಳ್ಳಬೇಕು ಎಂದಿದೆ. ಅಂದರೆ ನಾಲ್ಕು ವಾರಕ್ಕೆ ಎಸೆಯುವ ಹಾಗಿಲ್ಲ.

ಮಾಹಿತಿ ಹಕ್ಕು ಕಾಯ್ದೆ 2005ರಲ್ಲಿ ‘ಮಾಹಿತಿ’ ಎಂದರೆ ಏನು ಎಂದು ಹೇಳುವ ಪಟ್ಟಿಯನ್ನು ಓದಿ ನೋಡಿ. ದಾಖಲೆ, ಇ-ಮೇಲ್, ಆದೇಶಗಳ ಸಾಲಿನಲ್ಲೇ ‘ಲಾಗ್‌ಬುಕ್’ ಎಂಬ ಮಾತು ಇದೆ. ಎಲೆಕ್ಟ್ರಾನಿಕ್ ರೂಪದಲ್ಲಿರುವ ದತ್ತಾಂಶವೂ ಇದೆ. ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು.

ಭದ್ರತೆಯ ಕಾರಣ ಹೇಳಿ ಸರ್ವರಿನ ಇಡೀ ಲಾಗ್ ಕೊಡದೇ ಇರಬಹುದು. ಹಾಗಾಗಿ ಇಡೀ ಪುಸ್ತಕ ಕೇಳುವುದು ಬೇಡ. ‘ಇಂಥ ತಾರೀಖಿನಂದು, ಇಂಥ ಕೇಂದ್ರದಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸೇವೆ ನಿಂತಿತ್ತು, ದಾಖಲೆಯ ಪ್ರತಿ ಕೊಡಿ’ ಎಂದು ಕೇಳಬೇಕು. ಅದಕ್ಕೆ ನಮ್ಮ ಕಡೆಯಿಂದಲೂ ಒಂದು ಕಿರ್ದಿ ಬೇಕು. ‘ಸರ್ವರ್ ಇಲ್ಲ’ ಎಂದ ದಿನ ತಾರೀಖು, ಹೊತ್ತು, ಕೇಂದ್ರದ ಹೆಸರು, ಕೇಳಿದ ಕೆಲಸ, ಇಷ್ಟನ್ನು ಫೋನಿನಲ್ಲಿ ಬರೆದುಕೊಳ್ಳಿ. ವರ್ಷ ಬರೆಯುವುದನ್ನು ಮರೆಯಬೇಡಿ. ಯಂತ್ರದ ಪುಸ್ತಕದ ಜೊತೆ ಹೊಂದಿಸಿ ನೋಡಲು ನಿಮ್ಮ ಪುಸ್ತಕವೂ ಇರಬೇಕು. 75 ಸೆಂಟ್ ಕಳ್ಳ ಸಿಕ್ಕಿದ್ದು ಎರಡು ಲೆಕ್ಕ ತಾಳೆಯಾಗದ್ದರಿಂದ.

ಒಂದು ಕೆಲಸ ಇನ್ನೂ ಬಾಕಿ ಇದೆ. ಈ ಲಾಗ್‌ಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲಿವೆ. ಕನ್ನಡ ಅಕ್ಷರಗಳಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲೇ, ಲಿನಕ್ಸ್ ಹುಟ್ಟಿದ ವರ್ಷವೇ. 2009ರ ಸಿಸ್‌ಲಾಗ್ ನಿಯಮದಲ್ಲಿ ಅಂಥ ಅಕ್ಷರಗಳಿಗೆ ಅವಕಾಶವೂ ಇದೆ. ರೇಷನ್ ಯಂತ್ರದ ತೆರೆಯ ಮೇಲೆ ಬರುವ ತಪ್ಪಿನ ಸಂಕೇತಕ್ಕೆ ಕನ್ನಡದಲ್ಲಿ ಒಂದು ಸಾಲು ವಿವರ ಬರೆಯಲು ತಂತ್ರಜ್ಞಾನದ ಅಡ್ಡಿ ಏನೂ ಇಲ್ಲ. ಬರೆಯಿಸಬೇಕು ಎಂಬ ಒತ್ತಾಯ ಇಲ್ಲ, ಅಷ್ಟೇ. ಆ ಒತ್ತಾಯ ಗ್ರಾಮಸಭೆಯಲ್ಲಿ ಶುರುವಾಗಬಹುದು. ಮುಂದಿನ ಗ್ರಾಮಸಭೆಗೆ ಹೋದಾಗ, ಹೋದ ತಿಂಗಳು ನಮ್ಮೂರಿನಲ್ಲಿ ಸರ್ವರ್ ಎಷ್ಟು ದಿನ, ಎಷ್ಟು ಹೊತ್ತು ಇರಲಿಲ್ಲ ಎಂದು ಕೇಳಿ, ಆ ಉತ್ತರವನ್ನು ಕನ್ನಡದಲ್ಲಿ ನಡಾವಳಿ ಪುಸ್ತಕಕ್ಕೆ ಬರೆಯಿಸಿ.